ಅರ್ಧರ್ಧ ಇಂಚು

ಗೂಟದ ಮೇಲಿನ ನೀಲಿ ಅಂಗಿ ಫ್ಯಾನಿನ ಗಾಳಿಗೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು — ಆಸ್ಪತ್ರೆಯ ದಾದಿ ಫೋನಿಟ್ಟು ಕಾಲು ಗಂಟೆಯೂ ಆಗಿಲ್ಲ, ನಿಮ್ಮ ತಮ್ಮ ಹೋಗಿಬಿಟ್ಟರು ಯಜಮಾನ್ರೇ, ಉಡಿಸೋಕೆ ಒಂದು ಜೊತೆ ಬಟ್ಟೆ ತನ್ನಿ. ಮುದುಕ ದರ್ಜಿ ಎದ್ದವನು ಮತ್ತೆ ಹೊಲಿಗೆ ಯಂತ್ರದ ಮುಂದೆಯೇ ಕೂತ. ತಮ್ಮನ ಎದೆ ನಲವತ್ತೆರಡು ಇಂಚು, ಅದಕ್ಕೆ ಪುಸ್ತಕ ನೋಡಬೇಕಾಗಿಲ್ಲ, ಗೋದಾಮಿನಲ್ಲಿ ಎರಡೆರಡು ಮೂಟೆ ಹೊರುತ್ತಿದ್ದ ಎದೆ, ಚಿಕ್ಕಂದಿನಲ್ಲಿ ಅಣ್ಣನನ್ನೇ ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದ್ದ, ನೀನೇನು ಭಾರ ಬಿಡೋ ಅಣ್ಣಾ, ಜೇಬಿನಲ್ಲಿ ಕತ್ತರಿ ಇದ್ದರೆ ಮಾತ್ರ ಒಂದು ತೂಕ! ಎಂಥ ನಗು ಅದು, ಹೊಳೆಯ ಆಚೆ ದಡಕ್ಕೆ ಕೇಳಿಸುತ್ತಿತ್ತು.

ಹೊಟ್ಟೆಯಲ್ಲಿ ಕ್ಯಾನ್ಸರ್ ಅಂದ ದಿನ ಇದೇ ದಾದಿ ಒತ್ತಿ ಹೇಳಿದ್ದಳು, ಮುಂದಿನ ತಪಾಸಣೆ ಎರಡು ತಿಂಗಳಿಗೆ, ಅಷ್ಟರೊಳಗೆ ಬಟ್ಟೆ ಸಡಿಲಾದರೆ ಕಾಯಬೇಡಿ, ಓಡಿ ಬನ್ನಿ — ಸಡಿಲಾಯಿತು, ಮೊದಲ ಭಾನುವಾರವೇ, ತಮ್ಮ ಕನ್ನಡಿಯ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ನಿಂತದ್ದನ್ನು ನೋಡಲಾರದೆ ಇವನು ಗುಟ್ಟಾಗಿ ಅವನ ಈ ನೀಲಿ ಅಂಗಿಯ ಎರಡೂ ಪಕ್ಕ ಅರ್ಧರ್ಧ ಇಂಚು ಒಳಗೆ ಹಿಡಿದು ಹೊಲಿದ, ಮರುವಾರ ಇನ್ನರ್ಧ, ಅದರ ಮರುವಾರ ಮತ್ತೆ, ತಮ್ಮ ಗುಂಡಿ ಹಾಕಿಕೊಂಡು ಹಿಗ್ಗುತ್ತಾನೆ, ನೋಡಣ್ಣಾ, ಎಲ್ಲಿ ಇಳಿದಿದ್ದೀನಿ, ನೀನು ಮೊದಲು ಕನ್ನಡಕ ಬದಲಾಯಿಸು, ಆಸ್ಪತ್ರೆಗಾ, ಯಾಕೆ, ಅಂಗಿ ಸರಿಯಾಗೇ ಇದೆಯಲ್ಲ! ಎರಡು ತಿಂಗಳಿಗೆ ತೂಕ ನೋಡಿದರೆ ಹದಿನಾಲ್ಕು ಕಿಲೋ ಇಳಿದುಹೋಗಿತ್ತು. ಡಾಕ್ಟರು ಅಂದರು, ಬರೀ ಊಟ ಕಡಿಮೆಯಾಗಿ ಅಲ್ಲ, ಈ ರೋಗ ಮಾಂಸಖಂಡವನ್ನೇ ತಿನ್ನುತ್ತೆ, ಬೇಗ ಬಂದಿದ್ದರೆ ಆಗಾಗ ಸ್ವಲ್ಪ ಸ್ವಲ್ಪ ಹಾಲು, ಮೊಟ್ಟೆ, ದಿನಾ ನಾಲ್ಕು ಹೆಜ್ಜೆ ನಡಿಗೆ, ಒಂದಿಷ್ಟು ಬಲ ಉಳಿಸಬಹುದಿತ್ತು, ಈಗ ಔಷಧಿ ತಡೆದುಕೊಳ್ಳೋ ಶಕ್ತಿ ಮೈಯಲ್ಲಿಲ್ಲ. ತಮ್ಮನೋ, ಅಣ್ಣನ ಕಡೆ ನೋಡದೆ, ಅಂಗಿಯ ಒಳಮಗ್ಗುಲನ್ನು ಬೆರಳಿಂದ ತಡವುತ್ತಾ ಕೂತ, ಬಸ್ಸಿನಲ್ಲಿ ಮಾತ್ರ ಮೆಲ್ಲಗೆ ಅಂದ, ಹೊಲಿಗೆ ಚೆನ್ನಾಗಿದೆ ಅಣ್ಣಾ, ಗೊತ್ತೇ ಆಗಲಿಲ್ಲ.

ಗೊತ್ತೇ ಆಗಲಿಲ್ಲ — ಅಂಗಿ ಈಗ ತೊಡೆಯ ಮೇಲಿದೆ, ಹೀಗೇ ಒಯ್ದರೆ ಅವನಿಗೆ ಸರಿಯಾದೀತು, ಯಾರೂ ಕೇಳುವುದಿಲ್ಲ, ಇಲ್ಲ, ಸುಳ್ಳಿನ ಅಂಗಿಯಲ್ಲಿ ಅವನನ್ನು ಕಳಿಸಲಾರೆ, ಬ್ಲೇಡು ಒಂದೊಂದೇ ಹೊಲಿಗೆ ಬಿಚ್ಚುತ್ತಿದೆ, ಅರ್ಧ ಇಂಚು, ಇನ್ನರ್ಧ, ಮಡಿಕೆಯೊಳಗೆ ಬಿಸಿಲು ಕಾಣದ ಬಟ್ಟೆ, ಹೊಸದರ ಹಾಗೆ ಕಡುನೀಲಿ — ದೇವರೇ, ನನ್ನ ತಪ್ಪು ನನಗಿರಲಿ, ಅವನಿಗೆ ಶಾಂತಿ ಕೊಡು, ಉಣ್ಣು ಅಂತ ಒತ್ತಾಯಿಸಬೇಡ, ಸುಮ್ಮನೆ ಹತ್ತಿರ ಕೂರಿಸಿಕೋ — ಕಡುನೀಲಿ, ಅರ್ಧ ಇಂಚು ಕಡುನೀಲಿ.