ಶಿವನ ಪಾದ ಸೇರಿದ ಚೆಂಡು

ಬೇಸ್‌ಬಾಲ್ ಆಟಕ್ಕೆ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಬಹುದೆಂದು ನ್ಯೂಜೆರ್ಸಿಯಲ್ಲಿ ಮೊದಲು ಯೋಚಿಸಿದವನು ಚೆಲುವರಾಜು. ಇದನ್ನು ಯಾರು ಒಪ್ಪಲಿ ಬಿಡಲಿ, ರಾರಿಟನ್ ರಿವರ್‌ಮೆನ್ ಎಂಬ ಸಣ್ಣ ಲೀಗಿನ ತಂಡದ ಆಫೀಸಿಗೆ ಹೋದ ಈಮೇಲ್ ಅವನದೇ. ಒಂಬತ್ತು ದಿನ ತಿದ್ದಿ ತಿದ್ದಿ ಬರೆದದ್ದು. ಐಸೆಲಿನ್, ಎಡಿಸನ್, ಮನ್ರೋ ಕಡೆ ಇಷ್ಟೊಂದು ಕನ್ನಡದವರಿದ್ದಾರೆ, ಪ್ರತಿ ಭಾನುವಾರ ಮಧ್ಯಾಹ್ನದ ಆಟವನ್ನು ಆನ್‌ಲೈನಿನಲ್ಲಿ ಕನ್ನಡದಲ್ಲೇ ಕೇಳಿಸಿದರೆ ಆಮೇಲೆ ಅವರೆಲ್ಲ ಮಕ್ಕಳನ್ನು ಕರೆದುಕೊಂಡು ಮೈದಾನಕ್ಕೇ ಬರುತ್ತಾರೆ, ಕನ್ನಡ ಸಂಘದ ಕ್ರಿಕೆಟ್ ಪಂದ್ಯಾವಳಿಯಲ್ಲಿ ತನಗೆ ಇಪ್ಪತ್ತೆರಡು ವರ್ಷ ಮೈಕು ಹಿಡಿದ ಅನುಭವವಿದೆ ಎಂದೆಲ್ಲ ಬರೆದಿದ್ದ.

ಆಫೀಸಿನವರಿಗೆ ಯೋಚನೆ ಹಿಡಿಸಿತು. ಮೈಕನ್ನು ಧ್ರುವ್‌ಗೆ ಕೊಟ್ಟರು. ಚೆಲುವರಾಜುವಿಗೆ ಲ್ಯಾಂಗ್ವೇಜ್ ಕನ್ಸಲ್ಟಂಟ್ ಎಂಬ ಬಿರುದು, ಉಚಿತ ಪಾರ್ಕಿಂಗ್ ಮತ್ತು ತಂಡದ ಒಂದು ಟೋಪಿ ಸಿಕ್ಕಿತು.

ಟೋಪಿಯನ್ನು ತಿರುಗಿಸಿ ನೋಡಿ ಹೆಂಡತಿ ಸರ್ವಮಂಗಳ ಹೇಳಿದಳು: "ಟೋಪಿ ಹಾಕಿದ್ರು ಅಂತ ಬರೀ ಬಾಯಿಮಾತಿಗೆ ಹೇಳ್ತಿದ್ವಿ. ನಿಮಗೆ ನಿಜವಾಗ್ಲೂ ಹಾಕಿದಾರಲ್ರೀ."

ಅವನು ನಗಲಿಲ್ಲ. ನಗು ಬರುವ ಜಾಗದಲ್ಲಿ ಬೇರೇನೋ ಉರಿಯುತ್ತಿತ್ತು.

ಧ್ರುವ್ ಯಾರೆಂದು ಸುತ್ತಿನ ಕನ್ನಡದವರಿಗೆಲ್ಲ ಗೊತ್ತು. ಕುಂದಾಪುರದ ಕಡೆಯ ಜಲಜಾಕ್ಷಿಯ ಒಬ್ಬನೇ ಮಗ, ಬೇಸ್‌ಬಾಲಿನಲ್ಲಿ ಎಡಗೈಯಲ್ಲಿ ಚೆಂಡೆಸೆಯುವ ಪಿಚರ್. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡ ಮೇಲೆ ಅವನನ್ನು ಸಾಕಿದವರು ಸೋದರಮಾವ ಮಹಾಬಲ. ವುಡ್‌ಬ್ರಿಡ್ಜಿನಲ್ಲಿ ಅವರದೊಂದು ಹೋಟೆಲು. ಸಾಂಬಾರಿನ ವಾಸನೆ ಹೊಡೆಯುವ ಹೋಟೆಲಿನ ವ್ಯಾನಿನಲ್ಲೇ ಹುಡುಗನನ್ನು ಪ್ರತಿ ಪ್ರಾಕ್ಟೀಸಿಗೂ ಪ್ರತಿ ಪಂದ್ಯಕ್ಕೂ ಕರೆದೊಯ್ದರು. ಧ್ರುವ್ ಏಳು ವರ್ಷ ಸಣ್ಣ ಲೀಗುಗಳಲ್ಲಿ ಬಸ್ಸುಗಳಲ್ಲೇ ನಿದ್ದೆ ಮಾಡಿ ಕೊನೆಗೊಂದು ಸೆಪ್ಟೆಂಬರಿನಲ್ಲಿ ದೊಡ್ಡ ಲೀಗಿಗೆ ಹತ್ತಿದ. ಹನ್ನೊಂದು ಪಂದ್ಯ ಆಡಿದ. ಹನ್ನೊಂದನೆಯದರಲ್ಲಿ ಮೊಣಕೈಯ ನರ ಹರಿಯಿತು. ಆಪರೇಷನ್ ಆಯಿತು, ಎರಡು ವರ್ಷ ಕಾದದ್ದಾಯಿತು, ಚೆಂಡಿನ ಹಳೆಯ ವೇಗ ಮಾತ್ರ ಮರಳಲಿಲ್ಲ. ಊರೆಲ್ಲ ಅಯ್ಯೋ ಎಂದಿತು. ಚೆಲುವರಾಜುವೂ ಎಂದ. ಆದರೆ ಆ ಅಯ್ಯೋದ ತಳದಲ್ಲಿ ಒಂದು ಹನಿ ತಂಪಿತ್ತು.

ಆ ತಂಪು ಒಂದು ಬೇಸಿಗೆಯೂ ಬಾಳಲಿಲ್ಲ. ಆಟ ಬಿಟ್ಟ ಅದೇ ಬೇಸಿಗೆ ಧ್ರುವ್ ಸಂಘದ ಪಂದ್ಯಾವಳಿಗೆ ಬಂದ. ಯಾರೋ ತಮಾಷೆಗೆ ಮೈಕು ಕೊಟ್ಟರು. ಎರಡೇ ಓವರು ಮಾತಾಡಿದ, ಇಂಗ್ಲಿಷು ಮುಕ್ಕಾಲು, ಕನ್ನಡ ಕಾಲು. ಜನ ಬಿಸಿಬೇಳೆಬಾತಿನ ಸಾಲು ಬಿಟ್ಟು ಮೈಕಿನ ಹತ್ತಿರ ಬಂದು ನಿಂತರು. ಅಷ್ಟೂ ವರ್ಷಗಳಲ್ಲಿ ಚೆಲುವರಾಜುವಿನ ಮಾತಿಗೆ ಊಟದ ಸಾಲು ಬಿಟ್ಟು ಬಂದವರು ಯಾರೂ ಇರಲಿಲ್ಲ. ಮುಂದಿನ ವರ್ಷ ಧ್ರುವ್ ರೇಡಿಯೋದಲ್ಲಿದ್ದ, ಅದರ ಮುಂದಿನ ವರ್ಷ ರಿವರ್‌ಮೆನ್ ತಂಡದ ಇಂಗ್ಲಿಷ್ ಧ್ವನಿಯೇ ಆದ. ಇತ್ತ ಚೆಲುವರಾಜು ಹುಡುಗನಾಗಿದ್ದಾಗ ಮೈಸೂರಿನಲ್ಲಿ ರೇಡಿಯೋದ ಧ್ವನಿಪರೀಕ್ಷೆಗೆ ಎರಡು ಸಲ ಹೋಗಿ ಎರಡು ಸಲವೂ ನಪಾಸಾಗಿದ್ದವನು. ಈಗ ಐವತ್ತೊಂಬತ್ತು. ಪಾರ್ಸಿಪನಿಯ ಆಫೀಸಿಗೆ ಓಡಾಡುತ್ತ ಕಾರಿನೊಳಗೆ ಒಬ್ಬನೇ ವಿವರಣೆ ಕೊಡುತ್ತಿದ್ದ. ಬಲಗಡೆಯಿಂದ ಒಂದು ಟ್ರಕ್ಕು ನುಗ್ಗಿ ಬರುತ್ತಿದೆ, ಇದೋ ಒಳಗೆ ಬಂದೇಬಿಟ್ಟಿತು!

ಮೊದಲ ಆಟಕ್ಕೆ ಎರಡು ವಾರವಿದ್ದಾಗ ಪಾಠ ಶುರುವಾಯಿತು, ಮಹಾಬಲ ಅವರ ಹೋಟೆಲಿನ ಮೂಲೆ ಮೇಜಿನಲ್ಲಿ. ಮಹಾಬಲ ತಾವೇ ಕಾಫಿ ತಂದಿಟ್ಟು ಕೂರುತ್ತಿದ್ದರು. ಇಪ್ಪತ್ತು ವರ್ಷ ಹುಡುಗನ ಆಟ ನೋಡಿದ್ದೇನೆ, ಒಂದೂ ಅರ್ಥವಾಗಿಲ್ಲ, ಪಕ್ಕದವರು ಎದ್ದರೆ ಎದ್ದು ಚಪ್ಪಾಳೆ ತಟ್ಟಿದ್ದೇನೆ, ಕನ್ನಡದಲ್ಲಿ ಕೇಳಿದರಾದರೂ ಇವನು ಇಷ್ಟು ವರ್ಷ ಮಾಡಿದ್ದೇನು ಅಂತ ತಿಳಿದೀತು ಎನ್ನುತ್ತಿದ್ದರು. ಆಟದ ಹಿಂದಿನ ಶುಕ್ರವಾರ ಅವರಿಗೆ ಹೃದಯದ ಆಪರೇಷನ್ ಇತ್ತು. ಅದನ್ನು ಹಲ್ಲು ಕೀಳಿಸುವ ವಿಷಯದಂತೆ ಹೇಳಿದರು.

ಚೆಲುವರಾಜು ಪಾಠವನ್ನು ನಿಯತ್ತಾಗಿಯೇ ಮಾಡಿದ. ಎಸೆತ, ದಾಂಡಿಗ, ಮನೆ, ತಪ್ಪಿದ ಬೀಸು. ಬೇಸ್ ಕದ್ದು ಓಡುವುದಕ್ಕೆ 'ಮನೆ ಕದ್ದ' ಎಂಬ ಒಳ್ಳೆಯ ಮಾತು ಕೊಟ್ಟ. ಧ್ರುವ್ ಒಂದೊಂದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಸಣ್ಣ ಕಾರ್ಡುಗಳ ಮೇಲೆ ಬರೆದುಕೊಂಡ. ಕನ್ನಡ ಓದಲು ಅವನಿಗೆ ಬರುತ್ತಿರಲಿಲ್ಲ. ಕೊನೆಗೆ ಕೇಳಿದ: "ಅಂಕಲ್, ಹೋಮ್ ರನ್‌ಗೆ? ದಟ್ಸ್ ದ ಬಿಗ್ ಒನ್."

ಚೆಂಡು ಮೈದಾನದ ಗೋಡೆ ದಾಟುವ ಆ ಹೊಡೆತಕ್ಕೂ ಮಾತಿತ್ತು. ಸಂಘದ ಪಂದ್ಯಗಳಲ್ಲಿ ಸಿಕ್ಸರ್ ಬಿದ್ದಾಗಲೆಲ್ಲ ಚೆಲುವರಾಜು 'ಆಕಾಶಕ್ಕೆ ಏಣಿ ಹಾಕಿದ!' ಎನ್ನುತ್ತಿದ್ದ. ತಾನೇ ಕಂಡುಕೊಂಡದ್ದು. ಅದು ನಾಲಿಗೆಯ ತುದಿಗೂ ಬಂತು. ಆದರೆ ಇವನ ಬಾಯಲ್ಲಿ ಅದು ಹೇಗೆ ಕೇಳಿಸುತ್ತದೆ, ಜನ ಹೇಗೆ ಹತ್ತಿರ ಬಂದು ನಿಲ್ಲುತ್ತಾರೆ ಎಂದು ಅವನಿಗೆ ಆಗಲೇ ಕಾಣಿಸಿಬಿಟ್ಟಿತು. ಕಾಫಿ ಲೋಟ ಕೆಳಗಿಟ್ಟ.

"ಶಿವನ ಪಾದ ಸೇರಿತು, ಅನ್ನು."

"ಮೀನಿಂಗ್?"

"ಮೇಲೆ ಹೋಯ್ತು ಅಂತ. ದೇವರ ಪಾದದವರೆಗೂ. ದೊಡ್ಡ ಮಾತು ಕಣಪ್ಪ."

"ದಟ್ಸ್ ಬ್ಯೂಟಿಫುಲ್, ಅಂಕಲ್," ಎಂದು ಧ್ರುವ್ ಅದನ್ನು ಬೇರೆಯೇ ಒಂದು ಕಾರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದ. ಆ ಹೊತ್ತಿಗೆ ಮಹಾಬಲ ಗಲ್ಲಾದ ಹತ್ತಿರ ಹೋಗಿದ್ದರು, ಕೇಳಿಸಿಕೊಂಡಿರಲಿಲ್ಲ. ಚೆಲುವರಾಜುವಿನ ಲೆಕ್ಕ ಇಷ್ಟೇ: ಜನ ಮುಸಿಮುಸಿ ನಗುತ್ತಾರೆ, ಹಿರಿಯರು ಅಪಶಕುನ ಎಂದು ಆಫೀಸಿಗೆ ಬರೆಯುತ್ತಾರೆ, ಮುಂದಿನ ಭಾನುವಾರದಿಂದ ಸೀಸನ್ ಮುಗಿಯುವವರೆಗೂ ಮೈಕು ತನ್ನದು. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ಯಾರೂ ಸಾಯುವುದಿಲ್ಲ ಎಂದುಕೊಂಡ.

ಶುಕ್ರವಾರದ ಆಪರೇಷನ್ ಚೆನ್ನಾಗಿ ಆಯಿತಂತೆ. ಇವತ್ತು ಮಾವನನ್ನು ಐಸಿಯುವಿನಿಂದ ವಾರ್ಡಿಗೆ ಬಿಡುತ್ತಾರೆ, ಅಮ್ಮ ಅಲ್ಲೇ ಇದ್ದಾಳೆ, ನೀನು ನಿನ್ನ ಕೆಲಸ ಮಾಡು ಅಂದಿದ್ದಾಳೆ ಎಂದು ಧ್ರುವ್ ಭಾನುವಾರ ಮೈದಾನದ ಮೇಲಿನ ಗಾಜಿನ ಕೋಣೆಯಲ್ಲಿ ಹೆಡ್‌ಫೋನು ಸರಿಮಾಡಿಕೊಳ್ಳುತ್ತ ಹೇಳಿದ. ಚೆಲುವರಾಜುವಿಗೆ ಪಕ್ಕದಲ್ಲೊಂದು ಕುರ್ಚಿ ಹಾಕಿದ್ದರು. ಎದುರಿಗೆ ಮೈಕಿರಲಿಲ್ಲ.

ಎರಡನೇ ಇನಿಂಗ್ಸಿನಲ್ಲಿ ರಿವರ್‌ಮೆನ್ ದಾಂಡಿಗ ಚೆಂಡನ್ನು ಎಡಗಡೆಯ ಗೋಡೆಯಾಚೆಗೆ ಎತ್ತಿದ. ಧ್ರುವ್ ಅರ್ಧ ಎದ್ದು, ಒಂದು ಕ್ಷಣ ತಡೆದು, ಆಟಗಾರನಿಗಷ್ಟೇ ಗೊತ್ತಿರುವ ಸರಿಯಾದ ಹೊತ್ತಿಗೆ ಹೇಳಿದ: "ಹೋಗ್ತಾ ಇದೆ, ಹೋಗ್ತಾ ಇದೆ, ಶಿವನ ಪಾದ ಸೇರಿತು!"

ಲ್ಯಾಪ್‌ಟಾಪಿನ ಪರದೆಯಲ್ಲಿ ಕೇಳುಗರ ಸಂದೇಶಗಳು ದಬದಬನೆ ಬಿದ್ದವು. ಚೆಂಡಿನ ತಿಥಿ ಯಾವತ್ತು ಎಂದು ಒಬ್ಬರು. ವೈಕುಂಠ ಸಮಾರಾಧನೆಗೆ ನಮ್ಮನ್ನೂ ಕರೀರಪ್ಪ ಎಂದು ಪಾರ್ಸಿಪನಿಯ ನಚಿಕೇತ. ಸಖತ್, ಸಖತ್, ಇನ್ನೊಂದು ಹೊಡೀರಿ ಎಂದು ಎಷ್ಟೋ ಜನ. ಅಪಶಕುನ ಎಂದವರು ಒಬ್ಬರೂ ಇಲ್ಲ. ಇನ್ನೂರಿದ್ದ ಕೇಳುಗರು ನಾಲ್ಕನೇ ಇನಿಂಗ್ಸಿಗೆ ಒಂಬೈನೂರಾದರು. ಏನಂತಾರೆ ಎಂದು ಧ್ರುವ್ ಸನ್ನೆಯಲ್ಲೇ ಕೇಳಿದ. ಮೆಚ್ಚಿದ್ದಾರೆ ಎಂದು ಚೆಲುವರಾಜು ತಲೆಯಾಡಿಸಬೇಕಾಯಿತು. ತಾನು ತೋಡಿದ ಗುಂಡಿಯಲ್ಲಿ ಇವನಿಗೆ ನಿಧಿ ಸಿಕ್ಕಿತ್ತು.

ಐದನೇ ಇನಿಂಗ್ಸ್ ಮುಗಿದು ಜಾಹೀರಾತು ಶುರುವಾದಾಗ ಧ್ರುವ್ ಮೈಕು ಮುಚ್ಚಿ ನೀರು ಕುಡಿಯುತ್ತಿದ್ದ. ಫೋನು ಅದುರಿತು. ಸ್ಪೀಕರಿಗೆ ಹಾಕಿದ. ಮಹಾಬಲ ಅವರ ಹೋಟೆಲಿನ ಹಳೆಯ ಅಡುಗೆಯವರು, ರಾಮಕೃಷ್ಣ ಐತಾಳರು.

"ಧ್ರುವ, ನಾನು ಐತಾಳ. ನಿನ್ನ ಅಮ್ಮನಿಗೆ ಮಾತಾಡ್ಲಿಕ್ಕೆ ಆಗ್ತಿಲ್ಲೆ, ನೀವೇ ಹೇಳಿ ಅಂದ್ರು. ಮಾವ ಶಿವನ ಪಾದ ಸೇರಿದ್ರು ಮಾರಾಯ. ಈಗಷ್ಟೇ."

ಅವರ ದನಿ ಯಾವಾಗಲೂ ಹಾಗೇ, ಒಣ ಒಣ. ಧ್ರುವ್ ಮುಖ ಅರಳಿತು. "ಸೂಪರ್! ಥ್ಯಾಂಕ್ಯೂ ಐತಾಳ್ ಅಂಕಲ್, ಅಮ್ಮನಿಗೆ ಆಮೇಲೆ ಮಾಡ್ತೀನಿ," ಎಂದು ಫೋನಿಟ್ಟು, ಚೆಲುವರಾಜುವಿನ ಭುಜ ತಟ್ಟಿದ. ಮಾವ ಹೋಮ್ ರನ್ ಹೊಡೆದುಬಿಟ್ಟರು ಅಂಕಲ್, ವಾರ್ಡಿಗೆ ಬಂದರಂತೆ, ಅಮ್ಮನಿಗೆ ಖುಷಿಗೆ ಮಾತೇ ಹೊರಡುತ್ತಿಲ್ಲವಂತೆ, ಇದನ್ನು ಆನ್ ಏರ್ ಹೇಳಲೇಬೇಕು ಎಂದ. ಪರದೆಯ ಮೂಲೆಯಲ್ಲಿ ಜಾಹೀರಾತಿಗೆ ಉಳಿದ ಹೊತ್ತು ಇಳಿಯುತ್ತಿತ್ತು: ಎಪ್ಪತ್ತು ಸೆಕೆಂಡು.

ಚೆಲುವರಾಜು ಕೂತಲ್ಲೇ ಕೂತ. ಒಂಬೈನೂರು ಜನರ ಮುಂದೆ ಇವನು ನಗುತ್ತ ಮಾವನ ಸಾವನ್ನು ಸಾರುತ್ತಾನೆ. ಆಮೇಲೆ ಯಾವ ಕನ್ನಡದವರೂ ಇವನ ದನಿ ಕೇಳಲಾರರು. ತಾನು ಏನೂ ಮಾಡಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಈ ಯೋಚನೆ ಬಂದುಹೋಗಲಿಲ್ಲ, ಬಂದು ಕುಳಿತಿತು. ಐವತ್ತು ಸೆಕೆಂಡು. ನಲವತ್ತು. ಧ್ರುವ್ ಗೆರೆ ಎಳೆದ ಆ ಕಾರ್ಡನ್ನು ಹುಡುಕಿ ಮುಂದಿಟ್ಟುಕೊಂಡು, ಸಾಲನ್ನು ಮೆಲ್ಲಗೆ ಅಭ್ಯಾಸ ಮಾಡತೊಡಗಿದ. ನನ್ನ ಮಾವ. ಶಿವನ ಪಾದ.

ಚೆಲುವರಾಜು ಕೈ ಚಾಚಿ ಕಾರ್ಡಿನ ಮೇಲಿಟ್ಟ.

"ಅದು ಹೋಮ್ ರನ್ ಅಲ್ಲ ಕಣೋ."

"ವಾಟ್?"

"ನಾನು ತಪ್ಪು ಹೇಳಿಕೊಟ್ಟೆ. ಬೇಕಂತಲೇ. ಯಾರಾದ್ರೂ ತೀರಿಕೊಂಡ್ರೆ ಹಾಗಂತಾರೆ. ಮಾವ ಹೋಗಿಬಿಟ್ರು, ಧ್ರುವ್."

ಧ್ರುವ್ ಮೊದಲು ಫೋನನ್ನು ನೋಡಿದ, ಆಮೇಲೆ ಅವನನ್ನು. ನಾನು ಸೂಪರ್ ಅಂದೆನಲ್ಲ ಎಂದು ಬಹಳ ಸಣ್ಣಗೆ, ತನಗೇ ಎಂಬಂತೆ ಇಂಗ್ಲಿಷಿನಲ್ಲಿ ಹೇಳಿಕೊಂಡ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ.

"ಯಾಕೆ, ಅಂಕಲ್?"

"ಹೊಟ್ಟೆಕಿಚ್ಚು," ಎಂದ ಚೆಲುವರಾಜು.

ಆ ಮಾತು ಯಾವ ಕಾರ್ಡಿನಲ್ಲೂ ಇರಲಿಲ್ಲ. ಧ್ರುವ್ ಅರ್ಥ ಕೇಳಲಿಲ್ಲ. ಕಾರಿನ ಕೀ ತೆಗೆದುಕೊಂಡ. ಬಾಗಿಲಲ್ಲಿ ನಿಂತು, ತಿರುಗದೆ, "ನೀವೇ ಮಾಡಿ" ಎಂದು ಹೇಳಿ ಹೋದ.

ಹತ್ತು ಸೆಕೆಂಡು. ಚೆಲುವರಾಜು ಕುರ್ಚಿ ಬದಲಿಸಿದ. ಹೆಡ್‌ಫೋನಿನಲ್ಲಿ ಇನ್ನೂ ಧ್ರುವ್‌ನ ಕಿವಿಯ ಬಿಸಿ ಇತ್ತು. ಕೆಂಪು ದೀಪ ಹತ್ತಿತು. ಧ್ರುವ್ ಅವರು ಮನೆಯ ತುರ್ತಿನ ಮೇಲೆ ಹೋಗಿದ್ದಾರೆ, ನಾನು ಚೆಲುವರಾಜು ಎಂದು ಹೇಳಿದ. ನಲವತ್ತು ವರ್ಷ ಕಾದ ದನಿ ರೈಲಿನ ವೇಳಾಪಟ್ಟಿ ಓದಿದಂತೆ ಹೊರಟಿತು. ಚೆಂಡು ಎಸೆದರು, ಹೊಡೆದರು, ಹಿಡಿದರು ಎಂದು ಹೇಳುತ್ತ ಹೋದ. ಧ್ರುವ್ ಎಲ್ಲಿ ಎಂದು ಪರದೆ ಕೇಳುತ್ತಲೇ ಇತ್ತು. ನಾಳೆಯೋ ನಾಡಿದ್ದೋ ಮಹಾಬಲ ಅವರ ಮನೆಗೆ ಹೋಗಬೇಕು. ಜಲಜಾಕ್ಷಿ ಬಾಗಿಲು ತೆಗೆದರೆ ಏನನ್ನುವುದು?

ಏಳನೇ ಇನಿಂಗ್ಸಿನಲ್ಲಿ ಚೆಂಡು ಬ್ಯಾಟಿಗೆ ತಗಲಿದ ಸದ್ದಿಗೇ ಎಲ್ಲರಿಗೂ ಗೊತ್ತಾಯಿತು. ಮೈದಾನದಲ್ಲಿ ಜನ ಎದ್ದರು. ಚೆಂಡು ಬಿಸಿಲಿನೊಳಗೆ ಏರಿತು, ಏರಿತು. ಆಕಾಶಕ್ಕೆ ಏಣಿ ಎನ್ನಬಹುದಿತ್ತು. ಅದು ಅವನದೇ ಮಾತು, ಮೈಕೂ ಅವನದೇ. ಬಾಯಿ ತೆರೆದ.

"ಚೆಂಡು ಗೋಡೆ ದಾಟಿತು," ಎಂದ.

ಪರದೆ ಒಂದು ಗಳಿಗೆ ಖಾಲಿ ಇತ್ತು. ಆಮೇಲೆ ಒಂದು ಸಾಲು ಬಿತ್ತು: ಅಂಕಲ್, ಶಿವನ ಪಾದ ಹೇಳಿ, ಧ್ರುವ್ ಥರ.

ಆ ಹೊತ್ತಿನಲ್ಲೂ, ಆ ಕುರ್ಚಿಯಲ್ಲೂ, ಒಳಗೆ ಅದೇ ಹಳೆಯ ಉರಿ ಚುರುಕ್ಕೆಂದಿತು. ಅದು ಇನ್ನೂ ಬದುಕಿರುವುದನ್ನು ಕಂಡು ಅವನಿಗೇ ಹೆದರಿಕೆಯಾಯಿತು. ಟೋಪಿ ತೆಗೆದು, ಗೆರೆ ಎಳೆದ ಕಾರ್ಡಿನ ಮೇಲೆ ಕವುಚಿಟ್ಟು, ಮುಂದಿನ ದಾಂಡಿಗನ ಹೆಸರು ಓದಿದ.