ಆವಿಗೆಯೊಳಗೆ ಬಿದ್ದ ಹಲಗೆ

೨೦೧೬ರ ಮಾರ್ಚಿನಲ್ಲಿ ಇಂದುಮತಿಯ ಕೆಲಸ ಹೋಯಿತು. ತೈಲದ ಬೆಲೆ ಕುಸಿದು ಹ್ಯೂಸ್ಟನ್ನಿನ ಕಂಪನಿಗಳು ಇಡೀ ವಿಭಾಗಗಳನ್ನೇ ಮುಚ್ಚುತ್ತಿದ್ದ ವರ್ಷ ಅದು. ಹದಿನೆಂಟು ವರ್ಷ ಅವಳು ರಿಫೈನರಿಗಳ ಕುಲುಮೆಗಳನ್ನು ನೋಡಿಕೊಂಡಿದ್ದಳು. ಯಾವ ಬರ್ನರಿಗೆ ಎಷ್ಟು ಗಾಳಿ ಬೇಕು, ಯಾವ ಗೋಡೆ ಎಷ್ಟು ಶಾಖ ತಡೆಯುತ್ತದೆ, ಎಲ್ಲಿ ಏನು ತಪ್ಪಿದರೆ ಯಾರು ವರದಿ ಬರೆಯಬೇಕು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಗಂಡ ಸಂಗಮೇಶನ ಕೆಲಸ ಉಳಿದಿದ್ದರಿಂದ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿದ್ದ ಅವರ ಮನೆಗೆ ತೊಂದರೆಯಾಗಲಿಲ್ಲ. ಆದರೆ ಬೆಳಿಗ್ಗೆ ಎಂಟಾದ ಮೇಲೆ ಏನು ಮಾಡುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಹತ್ತಿರದ ಸಮುದಾಯ ಭವನದಲ್ಲಿ ಕುಂಬಾರಿಕೆಯ ತರಗತಿ ನಡೆಯುತ್ತಿತ್ತು. ಸೇರಿಕೊಂಡಳು. ಅವಳ ಹಳೆಯ ಕೆಲಸ ಏನೆಂದು ಕೇಳಿ ತಿಳಿದ ಅಲ್ಲಿನ ಶಿಕ್ಷಕಿ, ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್ ಆಚೆ ಒಬ್ಬ ಜಪಾನಿ ಹೆಂಗಸು, ಸಾಕೆ ಎಂಬ ಅಕ್ಕಿಯ ಮದ್ಯ ಕುಡಿಯುವ ಬಟ್ಟಲುಗಳನ್ನು ಸುಡಲು ವರ್ಷಕ್ಕೆ ಎರಡು ಸಲ ಕಟ್ಟಿಗೆಯ ಆವಿಗೆ ಹೊತ್ತಿಸುತ್ತಾರೆ, ಬೆಂಕಿಯ ಮುಂದೆ ಕೂರುವವರು ಬೇಕಂತೆ ಎಂದಳು.

"ಸಾಕೆ ಕುಡಿಯೋ ಬಟ್ಟಲಾ ಮಾಡಾಕ ಇಲ್ಲಿಂದ ಮೂರು ತಾಸು ಡ್ರೈವ್ ಮಾಡ್ತಿಯೇನು?" ಎಂದು ಸಂಗಮೇಶ ನಕ್ಕ. ಅವರ ಮನೆಯಲ್ಲಿ ಯಾರೂ ಕುಡಿಯುವವರಿರಲಿಲ್ಲ.

"ನಾ ಹೋಗೂದು ಭಟ್ಟಿ ನೋಡಾಕರಿ. ಬಟ್ಟಲಾ ಆಮ್ಯಾಲೆ."

ತೊಮೊಕೊ ಅರಿಮುರಾ ಅವರಿಗೆ ಆಗ ಎಪ್ಪತ್ತೊಂದು. ಚಿಪ್ ಕಂಪನಿಯ ಇಂಜಿನಿಯರಾಗಿದ್ದ ಗಂಡನ ಜೊತೆ ಎಂಬತ್ತರ ದಶಕದಲ್ಲಿ ಆಸ್ಟಿನ್‌ಗೆ ಬಂದವರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯ ಹಿಂದಿನ ಇಳಿಜಾರಿನಲ್ಲಿ ತಾವೇ ಇಟ್ಟಿಗೆ ಜೋಡಿಸಿ ಕಟ್ಟಿದ ಆವಿಗೆ, ದೋಣಿಯೊಂದನ್ನು ಬೋರಲು ಹಾಕಿ ಅರ್ಧ ಹೂತ ಹಾಗಿತ್ತು. ಮುಂದೆ ಕಟ್ಟಿಗೆ ಹಾಕುವ ಬಾಯಿ, ಹಿಂದೆ ಚಿಮಣಿ, ನಡುವೆ ಸಾಲು ಸಾಲು ಸುಟ್ಟ ಮಣ್ಣಿನ ಹಲಗೆಗಳ ಮೇಲೆ ಅಂಗೈಯಲ್ಲಿ ಕೂರುವಂಥ ಪುಟ್ಟ ಬಟ್ಟಲುಗಳು. ಅವಕ್ಕೆ ಬಣ್ಣ ಬಳಿಯುವುದಿಲ್ಲ. ನಾಲ್ಕು ದಿನ ಉರಿಯುವ ಕಟ್ಟಿಗೆಯ ಬೂದಿಯೇ ಹಾರಿ ಬಂದು ಮಣ್ಣಿನ ಮೇಲೆ ಕೂತು, ಕರಗಿ, ಗಾಜಿನಂತೆ ಮೆರುಗಾಗುತ್ತದೆ. ಯಾವ ಬಟ್ಟಲು ಎಲ್ಲಿತ್ತು, ಬೆಂಕಿ ಯಾವ ಕಡೆಯಿಂದ ನುಗ್ಗಿತು ಎನ್ನುವುದರ ಮೇಲೆ ಅದರ ಬಣ್ಣ.

ಇಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ತಮ್ಮ ತಮ್ಮ ಧಾಟಿಯಲ್ಲಿ. ಇಂದುಮತಿ ಅವರನ್ನು ಜಪಾನಿ ರೀತಿಯಲ್ಲಿ ಗೌರವದಿಂದ ತೊಮೊಕೊ-ಸಾನ್ ಎಂದು ಕರೆಯುವುದನ್ನು ಕಲಿತಳು. ತಾನು ಸಾಕೆ ಕುಡಿಯುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟಳು.

"ನೀರು ಕುಡಿ," ಎಂದರು ತೊಮೊಕೊ, ಒಂದು ಬಟ್ಟಲು ಕೊಟ್ಟು. "ಅಂಚು ಹೇಗಿದೆ ಅಂತ ತುಟಿಗೆ ಗೊತ್ತಾದ್ರೆ ಸಾಕು."

ಬೇಸಿಗೆಯಿಡೀ ಇಂದುಮತಿ ಹದಿನೈದು ದಿನಕ್ಕೊಮ್ಮೆ ಹೋಗಿ ಕಟ್ಟಿಗೆ ಸೀಳಿದಳು, ಮಣ್ಣು ತುಳಿದಳು, ತಿರುಗುವ ತಿಗರಿಯ ಮುಂದೆ ಕೂತು ಸೊಟ್ಟ ಬಟ್ಟಲುಗಳನ್ನು ಎತ್ತಿದಳು. ಡಿಸೆಂಬರಿನಲ್ಲಿ ಡಲ್ಲಾಸ್‌ನ ಒಂದು ಗ್ಯಾಲರಿಯಲ್ಲಿ ತೊಮೊಕೊ ಅವರ ಎಂಬತ್ತು ಬಟ್ಟಲುಗಳ ಪ್ರದರ್ಶನ ನಿಗದಿಯಾಗಿತ್ತು. ಆಮಂತ್ರಣದ ಕಾರ್ಡುಗಳೂ ಅಚ್ಚಾಗಿದ್ದವು. ಒಳ್ಳೆಯ ಬಟ್ಟಲುಗಳಿಗೆಲ್ಲ ಜಾಗ ಆವಿಗೆಯ ಮುಂಭಾಗದಲ್ಲಿ. ಬೂದಿ ಹೆಚ್ಚು ಬೀಳುವುದು ಅಲ್ಲೇ.

ನವೆಂಬರಿನ ಮೊದಲ ಗುರುವಾರ, ಮಳೆ ಬಂದು ನೆಲ ಒದ್ದೆಯಾದ ಮೇಲೆ, ಆವಿಗೆ ಹೊತ್ತಿಸಿದರು. ಆಸ್ಟಿನ್ನಿನ ಇಬ್ಬರು ಕುಂಬಾರರು ರಾತ್ರಿ ಪಾಳಿ ವಹಿಸಿಕೊಂಡರು. ಬೆಳಿಗ್ಗೆ ಆರರಿಂದ ಹನ್ನೆರಡು ಇಂದುಮತಿಯ ಪಾಳಿ. ಅವಳು ತನ್ನದೇ ತಾಪಮಾಪಕ ತಂದು ಗೋಡೆಯ ತೂತಿನಲ್ಲಿ ಸಿಕ್ಕಿಸಿದ್ದಳು. ತೊಮೊಕೊ ಅದನ್ನು ಬೇಡವೆನ್ನಲೂ ಇಲ್ಲ, ನೋಡಲೂ ಇಲ್ಲ.

ಶನಿವಾರ ಬೆಳಿಗ್ಗೆ ಮಲಗಲು ಹೋಗುವ ಮುಂಚೆ ಅವರು ಹೇಳಿದ್ದು ಇಷ್ಟೇ: "ಒಂದು ಸಲಕ್ಕೆ ನಾಲ್ಕು ಕಟ್ಟಿಗೆ. ಚಿಮಣಿ ಹೊಗೆ ತಿಳಿಯಾಗೋ ತನಕ ಕಾಯಿ. ಆಮೇಲೆ ಮತ್ತೆ ನಾಲ್ಕು."

ತಾಪಮಾಪಕ ಸಾವಿರದ ನೂರ ತೊಂಬತ್ತು ಡಿಗ್ರಿಗೆ ಬಂದು ನಿಂತುಬಿಟ್ಟಿತು. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು, ಏರಲಿಲ್ಲ. ಇಂದುಮತಿಗೆ ತಾಳ್ಮೆ ತಪ್ಪಿತು. ಉರುವಲು ಸಾಲುತ್ತಿಲ್ಲ ಎಂದು ತನಗೆ ತಾನೇ ತೀರ್ಮಾನಿಸಿ, ದಪ್ಪ ಓಕ್ ತುಂಡುಗಳನ್ನು ಆರಿಸಿ, ಒಂದಾದ ಮೇಲೆ ಒಂದು ಏಳು ಹಾಕಿದಳು. ಏಳನೆಯದು ಬಾಯಲ್ಲಿ ಸಿಕ್ಕಿಕೊಂಡಿತು. ಕಬ್ಬಿಣದ ಸಲಾಕೆಯಿಂದ ಜೋರಾಗಿ ತಳ್ಳಿದಳು.

ಒಳಗೆ ಏನೋ ಸರಿದ ಸದ್ದಾಯಿತು. ಆಮೇಲೆ ತಟ್ಟೆಗಳ ಗೂಡು ಉರುಳಿದಂಥ ಸದ್ದು.

ಕಪ್ಪು ಕನ್ನಡಕ ಹಾಕಿಕೊಂಡು, ಒಳಗೆ ನೋಡಲೆಂದು ಬಿಟ್ಟಿದ್ದ ಇನ್ನೊಂದು ತೂತಿನಲ್ಲಿ ಇಣುಕಿದಳು. ಬಿಳಿ ಬೆಳಕಿನ ನಡುವೆ ಎಡಗಡೆಯ ಮುಂದಿನ ಹಲಗೆ ಓರೆಯಾಗಿ ಕೆಂಡದ ಮೇಲೆ ಕೂತಿತ್ತು. ಅದರ ಮೇಲಿದ್ದ ನಲವತ್ತೆಂಟು ಬಟ್ಟಲುಗಳಲ್ಲಿ ಒಂದೂ ತನ್ನ ಜಾಗದಲ್ಲಿರಲಿಲ್ಲ.

ಯಾರೂ ನೋಡಿರಲಿಲ್ಲ. ಆವಿಗೆಯಲ್ಲಿ ಹಲಗೆಗಳು ತಾವಾಗಿಯೇ ಬೀಳುವುದುಂಟು ಎಂದು ತೊಮೊಕೊ ಅವರೇ ಹಿಂದೊಮ್ಮೆ ಹೇಳಿದ್ದರು. ಆವಿಗೆ ತಣ್ಣಗಾಗಿ ತೆರೆಯುವುದು ಇನ್ನೂ ಹತ್ತು ಹನ್ನೆರಡು ದಿನಕ್ಕೆ. ಆಗ ಯಾರು ಯಾರನ್ನು ಕೇಳುತ್ತಾರೆ? ಇಂದುಮತಿ ತೆಳ್ಳನೆಯ ನಾಲ್ಕು ಕಟ್ಟಿಗೆ ಹಾಕಿ ಹೊಗೆ ತಿಳಿಯಾಗುವ ತನಕ ಕಾದಳು. ಇನ್ನೂ ನಾಲ್ಕು ಹಾಕಿದಳು. ಬೇರೆಯವರ ತಪ್ಪುಗಳ ಬಗ್ಗೆ ಎಷ್ಟೋ ವರದಿ ಬರೆದವಳು, ತನ್ನ ತಪ್ಪನ್ನು ಒಮ್ಮೆಯೂ ಬರೆದಿರಲಿಲ್ಲ. ಕೊನೆಗೆ ಜೇಬಿನಿಂದ ಫೋನ್ ತೆಗೆದು ಮನೆಯೊಳಗಿದ್ದ ತೊಮೊಕೊ ಅವರನ್ನು ಎಬ್ಬಿಸಿದಳು.

ಅವರು ಮನೆಯ ಚಪ್ಪಲಿಯಲ್ಲೇ ಬಂದರು.

"ಹಲಗೆ ಬಿತ್ತು. ನಾನೇ ಬೀಳಿಸಿದೆ," ಎಂದಳು ಇಂದುಮತಿ. "ನೀವು ನಾಲ್ಕು ಅಂದಿದ್ರಿ. ನಾನು ಏಳು ಹಾಕಿದೆ, ದಪ್ಪದ್ದು."

"ಯಾವ ಕಡೆ?"

"ಎಡಗಡೆ, ಮುಂದಿನದು."

"ಎಷ್ಟು ಹೊತ್ತಿಗೆ?"

"ಒಂಬತ್ತೂ ಹತ್ತಕ್ಕೆ. ಇಪ್ಪತ್ತು ನಿಮಿಷ ಸುಮ್ಮನಿದ್ದೆ. ಹೇಳಬೇಕೋ ಬೇಡವೋ ಅಂತ."

ತೊಮೊಕೊ ತೂತಿನಲ್ಲಿ ಬಹಳ ಹೊತ್ತು ನೋಡಿದರು. "ಎಡಗಡೆ ಬೆಂಕಿಗೆ ದಾರಿ ಮುಚ್ಚಿದೆ. ಇನ್ನು ಬಲಗಡೆಯಿಂದ ಹಾಕು, ತೆಳ್ಳನೆಯದು ಮಾತ್ರ," ಎಂದು ಪಕ್ಕದ ಸ್ಟೂಲಿನ ಮೇಲೆ ಕೂತರು.

"ನಾನು ಮನೆಗೆ ಹೋಗಲಾ?"

"ನಿನ್ನ ಪಾಳಿ ಹನ್ನೆರಡರ ತನಕ ಇದೆ."

ಹನ್ನೊಂದರ ಹೊತ್ತಿಗೆ ಶಾಖ ಮತ್ತೆ ಏರತೊಡಗಿತು. ಮೊದಲಿನಿಂದಲೂ ಹೊಗೆ ತಿಳಿಯಾಗುವ ಮುಂಚೆಯೇ ಕಟ್ಟಿಗೆ ಹಾಕುತ್ತಿದ್ದರಿಂದಲೇ ಗಾಳಿ ಸಾಲದೆ ಬೆಂಕಿ ಕಟ್ಟಿಹೋಗಿತ್ತು, ಅದು ತನಗೆ ಹೊಳೆಯಬೇಕಿತ್ತು ಎಂದು ಆಗ ಅವಳಿಗೆ ಅರ್ಥವಾಯಿತು.

ಮಧ್ಯಾಹ್ನ ಇಂದುಮತಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರೂ ಕಟ್ಟಿಗೆಯ ರಾಶಿಯ ಮೇಲೆ ಕೂತು ತಿಂದರು. ಆಗ ತೊಮೊಕೊ ತಾವಾಗಿಯೇ ಮಾತು ತೆಗೆದರು.

ಅವರ ತಂದೆಯೂ ಕುಂಬಾರರು. ಜಪಾನಿನ ಒಕಾಯಾಮಾದ ಗುಡ್ಡದ ಪಕ್ಕದ ಹಳ್ಳಿ. ಹೆಣ್ಣುಮಕ್ಕಳು ಆವಿಗೆಯ ಬಾಯಿಯ ಹತ್ತಿರ ಬರಬಾರದೆಂದು ಅವರ ಮನೆಯಲ್ಲಿ ಕಟ್ಟುಪಾಡಿತ್ತು. ಆದರೂ ತಂದೆ ಮಗಳಿಗೊಂದು ತಿಗರಿ ಕೊಡಿಸಿದ್ದರು. ೧೯೬೪ರ ಚಳಿಗಾಲ, ಅವರಿಗೆ ಹತ್ತೊಂಬತ್ತು. ಪಾಳಿಯಲ್ಲಿದ್ದ ಅಣ್ಣನಿಗೆ ಊಟ ಕೊಟ್ಟು ಬರಲು ಹೋಗಿದ್ದರು. ಅದಾದ ಮೇಲೆ ಅಣ್ಣ ನಿದ್ದೆ ಹೋದ. ಬೆಂಕಿ ಇಳಿಯಿತು. ಅರ್ಧ ವರ್ಷದ ದುಡಿಮೆಯೆಲ್ಲ ಹಸಿಹಸಿಯಾಗಿ ಹೊರಗೆ ಬಂತು.

"ಅಪ್ಪ ಕೇಳಿದ್ರು. ಅಣ್ಣ ಬಾಯಿ ಬಿಡಲಿಲ್ಲ. ನಾನು ಆವಿಗೆ ಹತ್ತಿರ ಹೋಗಿದ್ದನ್ನ ಯಾರೋ ನೋಡಿದ್ರು. ಅಷ್ಟೇ ಸಾಕಾಯ್ತು. ಮಾರನೇ ದಿನ ನನ್ನ ತಿಗರಿ ಉಗ್ರಾಣ ಸೇರಿತು."

"ಮತ್ತೆ ನೀವು?"

"ಮತ್ತೆ ಮಣ್ಣು ಮುಟ್ಟಿದ್ದು ಇಲ್ಲಿಗೆ ಬಂದ ಮೇಲೆ. ಆಗ ನಲವತ್ತು."

"ನಿಮ್ಮ ಅಣ್ಣ ಹೇಳಲೇ ಇಲ್ವಾ?"

"ಹೊಸ ವರ್ಷಕ್ಕೆ ಕಾರ್ಡು ಕಳಿಸ್ತಾನೆ. ಅವನು ಒಳ್ಳೆ ಕುಂಬಾರ." ಅವರು ಕೈಯ ಮೇಲಿನ ರೊಟ್ಟಿಯ ಪುಡಿ ಕೊಡವಿದರು. "ನೀನು ಇಪ್ಪತ್ತು ನಿಮಿಷ ಸುಮ್ಮನಿದ್ದೆ. ಅವನು ಐವತ್ತೆರಡು ವರ್ಷದಿಂದ ಸುಮ್ಮನಿದ್ದಾನೆ."

ಇಂದುಮತಿಯ ಕಣ್ಣು ತುಂಬಿತು. ತೊಮೊಕೊ ಕೂಡಲೇ ಕೈ ಅಡ್ಡ ಹಿಡಿದರು. "ಕೋಪ ಇಲ್ಲ ಅಂದುಕೋಬೇಡ. ತುಂಬಾ ಇದೆ. ಬೈಯೋದನ್ನ ಆವಿಗೆ ತೆರೆದ ಮೇಲೆ ಬೈತೀನಿ."

ಹನ್ನೆರಡು ದಿನ ಬಿಟ್ಟು ಆವಿಗೆ ತೆರೆಯುವಾಗ ಸಂಗಮೇಶನೂ ಬಂದಿದ್ದ. ಎಡಗಡೆಯ ಬಟ್ಟಲುಗಳು ಒಂದಕ್ಕೊಂದು ಅಂಟಿ, ಬೂದಿ ಕರಗಿ ಮೆತ್ತಿಕೊಂಡು, ನಾಲ್ಕೈದು ಗಟ್ಟಿ ಮುದ್ದೆಗಳಾಗಿದ್ದವು. ತೊಮೊಕೊ ಒಂದು ಮುದ್ದೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದ ಮಾತಿನಂತೆ ಬೈದರು. ಯಂತ್ರ ನೋಡಿದ್ದೇಕೆ, ಚಿಮಣಿ ನೋಡಲಿಲ್ಲವೇಕೆ, ಅನುಮಾನ ಬಂದಾಗಲೇ ಎಬ್ಬಿಸಲಿಲ್ಲವೇಕೆ ಎಂದು ಒಂದೊಂದಾಗಿ, ದನಿ ಏರಿಸದೆ. ಸಂಗಮೇಶ ಕೈಗಾಡಿಯ ಹಿಡಿಕೆ ಹಿಡಿದು ನೆಲ ನೋಡುತ್ತ ನಿಂತಿದ್ದ.

ಇಂದುಮತಿ ಒಂದು ವಾರ ಅಲ್ಲೇ ಉಳಿದಳು. ಸಣ್ಣ ಉಳಿ ಹಿಡಿದು, ಅಂಟಿದ್ದನ್ನು ಬಿಡಿಸಿ, ಸಾಣೆಗಲ್ಲಿನ ಮೇಲೆ ಉಜ್ಜಿ ಹನ್ನೊಂದು ಬಟ್ಟಲುಗಳನ್ನು ಉಳಿಸಿದಳು. ಬೇರೆ ಹಲಗೆಗಳಲ್ಲಿ ಚೆನ್ನಾಗಿ ಬಂದದ್ದು ಮೂವತ್ತು. ಗ್ಯಾಲರಿಯಾಕೆ ಫೋನಿನಲ್ಲಿ, ಹಳೆಯ ವರ್ಷಗಳ ಬಟ್ಟಲುಗಳನ್ನು ಸೇರಿಸಿ ಎಂಬತ್ತು ಮಾಡೋಣವೇ ಎಂದಳು.

"ಈ ಚಳಿಗಾಲದ ಬೆಂಕಿ ಅಂತ ಕಾರ್ಡಿನಲ್ಲಿ ಹಾಕಿದ್ದೀರಿ," ಎಂದರು ತೊಮೊಕೊ. "ಈ ಚಳಿಗಾಲ ನಲವತ್ತೊಂದೇ ಬಂದಿದೆ."

ಡಲ್ಲಾಸ್‌ಗೆ ಸಂಗಮೇಶನೇ ಕಾರು ಓಡಿಸಿದ. ಗ್ಯಾಲರಿಯ ಕೊನೆಯ ಮೇಜಿನ ಮೇಲೆ ತೊಮೊಕೊ ಅತಿ ದೊಡ್ಡ ಮುದ್ದೆಯನ್ನಿಟ್ಟು, "ಕೇಳಿದವರಿಗೆ ನೀನೇ ಹೇಳು," ಎಂದು ಇಂದುಮತಿಯನ್ನು ಅದರ ಪಕ್ಕ ನಿಲ್ಲಿಸಿದರು. ಮೊದಲ ಸಲ ಅವಳು ಮಾತನ್ನು ಎರಡು ಬಾರಿ ಶುರುಮಾಡಬೇಕಾಯಿತು. ಐದಾರು ಮಂದಿಗೆ ಹೇಳುವಷ್ಟರಲ್ಲಿ ಸರಾಗವಾಯಿತು. "ಹಲಗೆ ಬೀಳಿಸಿದ್ದು ನಾನು. ಅವರು ಹೇಳಿದ್ದಕ್ಕಿಂತ ಹೆಚ್ಚು ಕಟ್ಟಿಗೆ ಹಾಕಿದೆ." ಕೆಲವರು ನಕ್ಕರು. ಒಬ್ಬ ಮುದುಕ ಆ ಮುದ್ದೆಯನ್ನೇ ಕೊಳ್ಳುತ್ತೇನೆಂದು ಹಟ ಹಿಡಿದ. ಅದು ಮಾರಾಟಕ್ಕಿಲ್ಲ ಎಂದರು ತೊಮೊಕೊ. ಮರಳುವ ದಾರಿಯಲ್ಲಿ ಸಂಗಮೇಶ, "ನಾನಾಗಿದ್ರ ಅಲ್ಲಿ ನಿಂದರ್ತಿರಲಿಲ್ಲ ನೋಡು," ಎಂದ. ಬಹಳ ದಿನಗಳ ನಂತರ ಇಂದುಮತಿಯ ಮೈ ಹಗುರಾಗಿತ್ತು.

ಮಾರನೇ ವರ್ಷ ಫೆಬ್ರವರಿಯಲ್ಲಿ ಅವಳಿಗೆ ಆಸ್ಟಿನ್ನಿನಲ್ಲಿ ಕೆಲಸ ಸಿಕ್ಕಿತು. ವಾರಕ್ಕೆ ಮೂರು ದಿನ ಅಲ್ಲಿ, ಉಳಿದದ್ದು ಮನೆಯಿಂದ. ಸೇರುವಾಗಲೇ ಏಪ್ರಿಲ್ ಮತ್ತು ನವೆಂಬರಿನಲ್ಲಿ ನಾಲ್ಕು ನಾಲ್ಕು ದಿನ ರಜೆ ಬೇಕೆಂದು ಕೇಳಿ ಒಪ್ಪಿಸಿಕೊಂಡಳು.

ಏಪ್ರಿಲಿನಲ್ಲಿ ಆವಿಗೆ ತುಂಬುವಾಗ ತೊಮೊಕೊ ಎಡಗಡೆಯ ಮುಂದಿನ ಹಲಗೆಯಲ್ಲಿ ಹನ್ನೆರಡು ಬಟ್ಟಲುಗಳ ಜಾಗ ಬಿಟ್ಟು, "ಇಲ್ಲಿ ನಿನ್ನವು," ಎಂದರು. ಬೆಂಕಿಯ ಮುಂದೆ ಇಂದುಮತಿಯ ಪಾಳಿಗೆ ಈ ಸಲ ಬೇರೆ ಸೂಚನೆ ಏನೂ ಇರಲಿಲ್ಲ. ತೆರೆದಾಗ ಅವಳ ಹನ್ನೆರಡರಲ್ಲಿ ಐದು ಬಿರುಕು ಬಿಟ್ಟಿದ್ದವು, ಆರು ಮಂಕಾಗಿದ್ದವು, ಒಂದರ ಮೇಲೆ ಮಾತ್ರ ಹಸಿರು ಮೆರುಗು ಅಂಚಿನಿಂದ ಇಳಿದು ನಿಂತಿತ್ತು. ತೊಮೊಕೊ ಅದನ್ನು ತೊಳೆದು, ಸಾಕೆ ಸುರಿದುಕೊಂಡು, ನಿಧಾನವಾಗಿ ಒಂದು ಗುಟುಕು ಕುಡಿದರು. ಉಳಿದದ್ದನ್ನೂ ಕುಡಿದು, ಬಟ್ಟಲನ್ನು ತಿರುಗಿಸಿ ಬುಡ ನೋಡಿದರು.

"ಅಂಚು ಚೆನ್ನಾಗಿದೆ," ಎಂದರು. "ಬುಡ ಇನ್ನೂ ಭಾರ."

ಇಂದುಮತಿ ಕೈಗೆ ತೆಗೆದುಕೊಂಡು ತೂಗಿ ನೋಡಿದಳು. ಹೌದು, ಭಾರವೇ ಇತ್ತು.