ಕೊರೆದು ತೆಗೆದ ಮರದ ತುಂಡು

ಹಾಲಿಸ್ ವ್ಯಾನ್ ಗಿಟಾರಿನ ಒಡಲನ್ನು ಮೂರನೆಯ ಸಲ ಮೂಗಿನ ಹತ್ತಿರ ಹಿಡಿದ. ಬೇಕರ್ಸ್‌ಫೀಲ್ಡಿನಲ್ಲಿ ಮೂವತ್ತು ವರ್ಷದಿಂದ ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ನಾಡಿ ಹಿಡಿಯುತ್ತ ಬಂದವನು. ಬಣ್ಣ ಹಳೆಯದೋ ಹೊಸದೋ ಎಂಬುದನ್ನು ಕಣ್ಣಿಗಿಂತ ಮೊದಲು ಅವನ ಮೂಗು ಹೇಳುತ್ತಿತ್ತು. ಇವತ್ತು ಅದೂ ಸುಮ್ಮನಿತ್ತು.

ಎದುರಿಗೆ ಸ್ಟೂಲಿನ ಮೇಲೆ ಲಿಯೋಟಾ ಟ್ಯಾಕೆಟ್ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಗಿಟಾರು ಅವಳ ಅಣ್ಣ ಆರ್ವಿಲ್‌ನದು. ಅವನು ತೀರಿಕೊಂಡು ಎರಡು ತಿಂಗಳಾಗಿತ್ತು.

"ಏನಂತೆ ಅದು? ಅವನ ಹಾಗೆ ಅದಕ್ಕೂ ಮಾತು ಕಮ್ಮಿನಾ?"

"ಮೂತಿ ಬಿಗಿದುಕೊಂಡು ಕೂತಿದೆ, ಮಿಸ್ ಲಿಯೋಟಾ."

"ಹಾಗಾದ್ರೆ ಅವನದೇ ಬಿಡು."

ನಕ್ಕಳು ನಿಜ, ಆದರೆ ಚೀಲದ ಹಿಡಿಯನ್ನು ತಿರುಚುತ್ತಿದ್ದ ಬೆರಳು ನಿಲ್ಲಲಿಲ್ಲ. ಹೋದ ಶನಿವಾರ ಗಿಟಾರ್ ಸಂತೆಯಲ್ಲಿ ಲಾಸ್ ಏಂಜಲೀಸಿನ ವ್ಯಾಪಾರಿಯೊಬ್ಬ ಎಲ್ಲರೆದುರು ಹೇಳಿಬಿಟ್ಟಿದ್ದ: ಕತ್ತು ಐವತ್ತನಾಲ್ಕನೇ ಇಸವಿಯದು, ಒಡಲು ಆಮೇಲೆ ಯಾರೋ ಮಾಡಿದ ನಕಲು, ನಿಮ್ಮಣ್ಣ ಎರಡನ್ನೂ ಸೇರಿಸಿ ಊರಿಗೆಲ್ಲ ಟೋಪಿ ಹಾಕಿದ್ದಾನೆ. ಆರ್ವಿಲ್ ಮಾತ್ರ ಕೊನೆಯತನಕ ಹೇಳಿದ್ದು ಒಂದೇ. ಎಣ್ಣೆಬಾವಿಯ ದುಡಿಮೆಯಲ್ಲಿ ಅಂಗಡಿಯಿಂದ ಹೊಚ್ಚ ಹೊಸದನ್ನೇ ತಂದೆ, ಅಂತ.

"ನಾನು ಮಾರೋಕೆ ಬಂದಿಲ್ಲಪ್ಪ. ಅಣ್ಣ ನಮಗೆ ಸುಳ್ಳು ಹೇಳಿದ್ನಾ, ಅಷ್ಟು ಹೇಳು. ನನ್ನ ಮುಖ ನೋಡ್ಕೊಂಡು ಹೇಳ್ಬೇಡ, ಅದರ ಮುಖ ನೋಡಿ ಹೇಳು."

ಕನಿಕರಕ್ಕೆ ಬಿದ್ದು ಅಸಲಿ ಎಂದು ಸಹಿ ಹಾಕುವ ಗಂಡಸಲ್ಲ ಹಾಲಿಸ್. ಕತ್ತನ್ನು ಬಿಚ್ಚಿ ನೋಡಿದ್ದ. ಬುಡದಲ್ಲಿ ಕಾರ್ಖಾನೆಯವರು ಪೆನ್ಸಿಲಿನಲ್ಲಿ ಬರೆದ ತಾರೀಖು ಸರಿಯಾಗಿತ್ತು. ತೊಡಕಿದ್ದದ್ದು ಒಡಲಿನಲ್ಲಿ. ಲಿಯೋಟಾ ಹೇಳಿದಂತೆ, ಎಪ್ಪತ್ತೊಂದನೇ ಇಸವಿಯಲ್ಲಿ ಆರ್ವಿಲ್ ಹಳದಿ ಬಣ್ಣವನ್ನು ಮರ ಕಾಣುವ ತನಕ ಉಜ್ಜಿ ಕಪ್ಪು ಬಳಿದಿದ್ದ. ಅದಕ್ಕೂ ಮೊದಲೇ ತಂತಿಗಳ ಕೆಳಗೆ ಕೊರೆದು, ನಾದ ಹಿಡಿಯುವ ದಪ್ಪ ಪಿಕಪ್ ಒಂದಕ್ಕೆ ಜಾಗ ಮಾಡಿದ್ದ. ಆ ಕಾಲದಲ್ಲಿ ಎಲ್ಲರೂ ಕೊರೆದವರೇ. ಹಾಲಿಸನೂ ಹತ್ತಾರು ಗಿಟಾರು ಕೊರೆದು, ಪುಡಿಯನ್ನು ಪೊರಕೆಯಿಂದ ಗುಡಿಸಿ ಎಸೆದಿದ್ದ. ಈಗ ಅಂಥ ಒಂದು ಗುಳಿಯಿಂದ ಅರ್ಧ ಬೆಲೆ ಹಾರಿಹೋಗುತ್ತದೆ.

ಪರದೆ ಎಳೆದು ನೇರಳೆ ದೀಪ ಹಿಡಿದ. ಕಾರ್ಖಾನೆಯ ಹಳೆಯ ಬಣ್ಣವಾದರೆ ಆ ಬೆಳಕಿಗೆ ಹಸಿರಾಗಿ ಮಿನುಗಬೇಕು. ಇಲ್ಲಿನ ಕಪ್ಪು ಬೆಳಕನ್ನೇ ನುಂಗಿಕೊಂಡಿತು. ಮರವೇನೋ ಅದೇ ಜಾತಿಯದು, ತೂಕವೂ ಸರಿ. ಆದರೆ ನಕಲು ಮಾಡುವವರೂ ಅದೇ ಮರ ತರುತ್ತಾರೆ.

"ಕ್ಷಮಿಸಿ. ಹೌದು ಅನ್ನೋಕೂ ಆಗ್ತಿಲ್ಲ, ಇಲ್ಲ ಅನ್ನೋಕೂ ಆಗ್ತಿಲ್ಲ."

ಲಿಯೋಟಾ ತಲೆಯಾಡಿಸಿ ಎದ್ದಳು. ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಲು ಹೋದವಳು ಸುತ್ತ ಹುಡುಕಿದಳು. "ಆ ತುಂಡು ಎಲ್ಲಿ? ಕತ್ತಿನ ಕೆಳಗೆ ಇಡ್ತಿದ್ದ ಅವನು. ಅದಿಲ್ಲದಿದ್ರೆ ಇದು ಒಳಗೆ ಕುಣಿಯುತ್ತೆ."

ಪರೀಕ್ಷೆಗೆ ಕೂರುವ ಮುಂಚೆ ಪೆಟ್ಟಿಗೆಯ ಕಸವನ್ನೆಲ್ಲ ಪೇಪರಿನ ಮೇಲೆ ಸುರಿಯುವುದು ಈ ಕಸುಬಿನವರ ಅಭ್ಯಾಸ. ತುಂಡಾದ ತಂತಿಗಳ ನಡುವೆ, ಹಳೆಯ ಅಂಗಿಬಟ್ಟೆಯಲ್ಲಿ ಸುತ್ತಿದ್ದ ಸೋಪಿನಷ್ಟು ದೊಡ್ಡದೇನೋ ಬಿದ್ದಿತ್ತು. ಹಾಲಿಸ್ ಅದನ್ನು ಎತ್ತಿಕೊಟ್ಟ. ಕೊಡುವಾಗ ಬಟ್ಟೆ ಸಡಿಲಿತು.

ಒಳಗಿನ ಮರದ ಒಂದು ಮೈ ಹಳದಿ.

"ತಡೀರಿ," ಎಂದ. ಧ್ವನಿ ಅವನದೇ ಅನ್ನಿಸಲಿಲ್ಲ.

ಎಣ್ಣೆಬಾವಿಯ ಕೆಲಸದಾಚೆ ಆರ್ವಿಲ್ ಚರ್ಚಿನ ಬೆಂಚುಗಳನ್ನು ಮಾಡಿದ ಬಡಗಿ. ಯಂತ್ರ ಹಚ್ಚಿರಲಿಲ್ಲ. ನಾಲ್ಕೂ ಕಡೆ ಉಳಿ ಇಳಿಸಿ, ಬಾಣಲೆಯಿಂದ ಮೆಕ್ಕೆಜೋಳದ ಬ್ರೆಡ್ಡಿನ ತುಂಡು ಎಬ್ಬಿಸುವ ಹಾಗೆ ಮರವನ್ನು ಇಡಿಯಾಗಿ ಎಬ್ಬಿಸಿದ್ದ. ಹಾಲಿಸ್ ದಪ್ಪ ಪಿಕಪ್ ಬಿಚ್ಚಿ, ತುಂಡನ್ನು ಗುಳಿಯೊಳಗೆ ಇಳಿಸಿದ. ತಳದಲ್ಲಿ ಸೀಳಿದ ನಾರು ನಾರಿಗೆ ಕೂತಿತು. ಹರಿದ ಕಾಗದದ ಎರಡು ಅಂಚು ಕೂಡಿದ ಹಾಗೆ.

ಮತ್ತೆ ಪರದೆ ಎಳೆದು ನೇರಳೆ ದೀಪ ಹಿಡಿದ. ಕಪ್ಪು ಒಡಲಿನ ನಡುವೆ ಆ ಒಂದು ತುಂಡು ಮಾತ್ರ ಹಸಿರು ಬಂಗಾರವಾಗಿ ಬೆಳಗಿತು. ಅದರ ಮೇಲೆ ಓರೆಯಾಗಿ ಒಂದು ಗೆರೆ. ಒಂದು ಕಡೆ ಎಳೆ ಹಳದಿ, ಇನ್ನೊಂದು ಕಡೆ ಜೇನಿನ ಬಣ್ಣ. ಮೀಟುವಾಗ ಬಣ್ಣ ಗೀಚಿಹೋಗದಂತೆ ಕಾರ್ಖಾನೆಯವರು ಒಡಲಿಗೆ ಹಾಕಿದ್ದ ಕಪ್ಪು ರಕ್ಷಣೆ ತಟ್ಟೆಯನ್ನು ಅದರ ಜಾಗದಲ್ಲಿ ಇಟ್ಟು ನೋಡಿದ. ತಟ್ಟೆಯ ಅಂಚು ಕೂದಲೆಳೆಯಷ್ಟೂ ಆಚೀಚೆ ಹೋಗದೆ ಗೆರೆಯ ಮೇಲೆ ಮಲಗಿತು. ತಟ್ಟೆ ಮುಚ್ಚಿದ್ದ ಕಡೆ ಬಣ್ಣ ಮಾಗಿರಲಿಲ್ಲ. ಹದಿನೇಳು ವರ್ಷದ ಬಿಸಿಲು, ಹೊಗೆ, ವೇದಿಕೆಯ ದೀಪ ಎಲ್ಲ ಸೇರಿ ಎಳೆದ ಗೆರೆ. ಅದನ್ನು ಯಾವ ಕಳ್ಳ ಕೈಯೂ ಎಳೆಯಲಾರದು.

ಇಬ್ಬರೂ ಕತ್ತಲಲ್ಲಿ ಬಾಗಿ ನೋಡುತ್ತ ನಿಂತರು. ಚರ್ಚಿನಲ್ಲಿ ನಿಂತ ಹಾಗೆ.

"ಅಂಗಡಿಯಿಂದ ಹೊಸದು ತಂದ್ನೋ ಇಲ್ವೋ, ಈ ಮರ ಹೇಳಲ್ಲ, ಮಿಸ್ ಲಿಯೋಟಾ," ಎಂದ ಹಾಲಿಸ್ ಮೆಲ್ಲಗೆ. "ಒಡಲು ನಕಲಲ್ಲ. ಟೋಪಿ ಹಾಕಿಲ್ಲ ನಿಮ್ಮಣ್ಣ. ಇದಕ್ಕೆ ನಾನು ಸಹಿ ಹಾಕ್ತೀನಿ."

ಅವಳು ಕಣ್ಣೊರೆಸಿಕೊಂಡಳು. "ದಡ್ಡ! ತೋರಿಸಿದ್ರೆ ಮುಗೀತಿತ್ತಲ್ಲ. ಈ ತುಂಡನ್ನ ನಾನು ಬಟ್ಟೆ ಕೂಡ ಬಿಚ್ಚದೆ ಎರಡು ತಿಂಗಳು ಬಾಗಿಲಿಗೆ ಅಡ್ಡ ಇಟ್ಟಿದ್ದೆ, ಗೊತ್ತಾ?"

"ಇದಿಲ್ಲದೆ ಇದ್ದಿದ್ರೆ ಗಿಟಾರಿಗೆ ಮೂರು ಸಾವಿರ ಡಾಲರ್ ಬರ್ಕೊಡ್ತಿದ್ದೆ. ಈಗ ಗುಳಿ ಇದ್ದೂ ಹನ್ನೆರಡು ಸಾವಿರ."

"ಬಾಗಿಲು ಪುಣ್ಯ ಮಾಡಿತ್ತು ಬಿಡು. ಈಗ ಅಂಟಿಸಿಬಿಡ್ತೀಯಾ?"

"ಬೇಡ. ಅಂಟಿಸಿದ್ರೆ ತಳದ ಆ ಸೀಳು ಇನ್ಯಾರಿಗೂ ಕಾಣಲ್ಲ."

ಹಾಲಿಸ್ ಕಾಗದದ ಮೇಲೆ "ಒಡಲು ಮೂಲದ್ದೇ" ಎಂದು ಬರೆದು ಸಹಿ ಹಾಕಿದ. ಲಿಯೋಟಾ ತುಂಡನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಡದೆ ಕೈಚೀಲಕ್ಕೆ ಇಳಿಸಿಕೊಂಡಳು.

"ಗಿಟಾರು ಕುಣಿಯುತ್ತಲ್ಲ?"

"ಕುಣೀಲಿ. ಇವತ್ತು ಕುಣಿಯೋ ದಿನವೇ."

ಹಾಲಿಸ್ ಸೊಂಟದ ಏಪ್ರನ್ ಬಿಚ್ಚಿ, ಮಡಿಸಿ, ಕತ್ತಿನ ಕೆಳಗೆ ಮೆತ್ತಗೆ ಇಟ್ಟ.